ಗುಜರಿ ಬೆಲೆಗೆ ಒಳ್ಳೆಯ ಲೇತ್ ಸಿಗುತ್ತದೆಯೇ?

ಓದುಗರ ಪ್ರಶ್ನೆ, ವರ್ಕ್‌ಶಾಪಿನವರ ಉತ್ತರ

ಮನೆಯ ಹಿತ್ತಲಲ್ಲೋ ಕಾರ್ ಶೆಡ್ಡಿನಲ್ಲೋ ಸಣ್ಣ ವರ್ಕ್‌ಶಾಪ್ ಕಟ್ಟಿಕೊಳ್ಳುವ ಓದುಗರಿಂದ ಸೆಕೆಂಡ್ ಹ್ಯಾಂಡ್ ಯಂತ್ರಗಳ ಬಗ್ಗೆ ತುಂಬಾ ಪತ್ರಗಳು ಬಂದಿವೆ. ಒಂದೇ ವಿಷಯದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ. ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತ ಟೂಲಿನಿಂದ ಕಡೆಯುವ ಯಂತ್ರ.

ಮನೆಯ ಹಿಂದೆ 12×15 ಅಡಿಯ ಶೆಡ್ಡಿದೆ. ಒಂದು ಲೇತ್, ಒಂದು ಪಿಲ್ಲರ್ ಡ್ರಿಲ್ ಬೇಕು. ಹೊಸದಕ್ಕೆ ದುಡ್ಡು ಸಾಲದು. ಹಳೆಯದನ್ನು ಎಲ್ಲಿ ಹುಡುಕಬೇಕು? ಯಾವ ಕಂಪನಿಯದು ತೆಗೆದುಕೊಳ್ಳಬಹುದು?
— ತುಮಕೂರಿನ ಓದುಗರು

ಹಳೆ ಮಷೀನಿನ ವ್ಯಾಪಾರಿಯ ಗೋದಾಮಿಗೆ ಕೊನೆಗೆ ಹೋಗಿ. ಅಲ್ಲಿಗೆ ಬರುವ ಹೊತ್ತಿಗೆ ಯಂತ್ರಕ್ಕೆ ಪುಟ್ಟಿ, ಬಣ್ಣ ಎರಡೂ ಬಿದ್ದಿರುತ್ತವೆ, ಒಬ್ಬಿಬ್ಬರ ಲಾಭವೂ ಸೇರಿರುತ್ತದೆ. ಯಂತ್ರ ಇನ್ನೂ ದುಡಿಯುತ್ತಿರುವ ಜಾಗದಲ್ಲೇ, ಕರೆಂಟು ಹರಿಯುತ್ತಿರುವಾಗಲೇ ನೋಡುವುದು ಎಲ್ಲಕ್ಕಿಂತ ಲೇಸು. ಬೆಂಗಳೂರಿನ ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯದಲ್ಲಿ ಸಿಎನ್‌ಸಿಗೆ (ಕಂಪ್ಯೂಟರ್ ನಡೆಸುವ ಯಂತ್ರಗಳಿಗೆ) ಬದಲಾದ ಎಷ್ಟೋ ಸಣ್ಣ ಘಟಕಗಳ ಮೂಲೆಯಲ್ಲಿ ಹಳೆಯ ಲೇತ್ ನಿಂತಿರುತ್ತದೆ. ಜಾಗ ತೆರವಾದರೆ ಸಾಕು ಎಂದುಕೊಂಡಿರುವ ಮಾಲೀಕರು ಬೋರ್ಡು ಹಾಕಿರುವುದಿಲ್ಲ. ವಿಚಾರಿಸಬೇಕಾದದ್ದು ಮೋಟಾರ್ ವೈಂಡಿಂಗ್ ಮಾಡುವವರನ್ನು, ಟೂಲ್ ಬಿಟ್, ಕಾರ್ಬೈಡ್ ಟಿಪ್ ಮಾರುವ ಅಂಗಡಿಯವರನ್ನು, ಮತ್ತು ಯಂತ್ರ ಸಾಗಿಸುವ ಕ್ರೇನ್‌ನವರನ್ನು. ಯಾವ ಶೆಡ್ಡು ಖಾಲಿಯಾಗುತ್ತಿದೆ ಎಂಬುದು ಮೊದಲು ತಿಳಿಯುವುದು ಇವರಿಗೇ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಗಳಲ್ಲೂ ಇದೇ ದಾರಿ.

ಕಂಪನಿಯ ಹೆಸರಿಗಿಂತ ಅದು ಮೊದಲು ಎಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿ. ಟೂಲ್ ರೂಮಿನಲ್ಲಿ (ಕಾರ್ಖಾನೆಗೆ ಬೇಕಾದ ಟೂಲು, ಅಚ್ಚು ಮಾಡುವ ವಿಭಾಗದಲ್ಲಿ) ಇದ್ದ ಲೇತ್ ಎಲ್ಲಕ್ಕಿಂತ ಉತ್ತಮ, ಯಾಕೆಂದರೆ ದಿನಕ್ಕೆ ಒಂದೆರಡು ಗಂಟೆಯ ಕೆಲಸ, ನುರಿತ ಕೈ. ಐಟಿಐ, ಪಾಲಿಟೆಕ್ನಿಕ್‌ನದಾದರೆ ಬೆಡ್ಡು (ಲೇತ್‌ನ ಉದ್ದಕ್ಕೂ ಇರುವ ಹಾಸು) ಹೆಚ್ಚು ಸವೆದಿರುವುದಿಲ್ಲ. ಆದರೆ ಓಡುತ್ತಿರುವಾಗಲೇ ಗೇರ್ ಬದಲಿಸಿ ಹಲ್ಲು ಮುರಿದದ್ದು, ತುಂಡನ್ನು ಹಿಡಿದು ತಿರುಗಿಸುವ ಚಕ್ಕಿಗೆ ಟೂಲ್ ಹಿಡಿಯುವ ಪೋಸ್ಟ್ ಗುದ್ದಿದ ಗಾಯ ಸಾಮಾನ್ಯ. ಒಂದೇ ಬಗೆಯ ಸಣ್ಣ ಭಾಗವನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿದ ಲೇತ್‌ನ ಬೆಡ್ಡು ಚಕ್ಕಿನ ಹತ್ತಿರದ 200–300 ಮಿ.ಮೀ. ಭಾಗದಲ್ಲಿ ಮಾತ್ರ ತಗ್ಗಾಗಿರುತ್ತದೆ. ಬೀಡುಕಬ್ಬಿಣದ ಎರಕ ಕಡೆಯುತ್ತಿದ್ದ ಯಂತ್ರ ನಮ್ಮ ಮಟ್ಟಿಗೆ ಬೇಡವೇ ಬೇಡ. ಎರಕದ ಮೇಲ್ಪದರದ ಮರಳು, ಗ್ರಾಫೈಟ್ ಪುಡಿ ಎಣ್ಣೆಯ ಜೊತೆ ಬೆರೆತು ಅರೆಯುವ ಪೇಸ್ಟಿನಂತೆ ಬೆಡ್ಡನ್ನು ತಿಂದಿರುತ್ತದೆ. ಫೌಂಡ್ರಿಗಳಿರುವ ಬೆಳಗಾವಿ, ಶಿವಮೊಗ್ಗದ ಕಡೆ ಕೊಳ್ಳುವವರು ಇದನ್ನು ತಪ್ಪದೆ ವಿಚಾರಿಸಬೇಕು. ಚಕ್ಕಿನಲ್ಲಿ ಶಾಫ್ಟ್ ಹಿಡಿದು ಅದಕ್ಕೇ ವೆಲ್ಡಿಂಗ್ ಮಾಡುತ್ತಿದ್ದ ರಿಪೇರಿ ಅಂಗಡಿಯ ಲೇತ್‌ನಲ್ಲಿ ಕರೆಂಟು ಸ್ಪಿಂಡಲ್‌ನ (ಚಕ್ಕನ್ನು ತಿರುಗಿಸುವ ದಂಡದ) ಬೇರಿಂಗ್ ಮೂಲಕ ಹರಿದು ರೋಲರ್‌ಗಳ ಮೇಲೆ ಸಣ್ಣ ಗುಳಿ ಬಿದ್ದಿರುತ್ತವೆ. ಚಕ್ಕಿನ ದವಡೆ, ಬೆಡ್ಡಿನ ಮೇಲೆ ವೆಲ್ಡಿಂಗ್ ಕಿಡಿಯ ಹನಿಗಳು ಅಂಟಿದ್ದರೆ ಅದೇ ಗುರುತು.

ಹೆಸರಿನ ವಿಚಾರ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಲೇತ್‌ಗಳ ಹೆಸರಿನಲ್ಲಿರುವ ಅಂಕಿ ಬೆಡ್ಡಿನಿಂದ ಸೆಂಟರ್‌ವರೆಗಿನ (ತುಂಡು ತಿರುಗುವ ಅಕ್ಷದವರೆಗಿನ) ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ: ಎಲ್‌ಬಿ 17, ಎನ್‌ಎಚ್ 22, ಎನ್‌ಎಚ್ 26. ಎನ್‌ಎಚ್ 22 ಅದ್ಭುತ ಯಂತ್ರ, ಆದರೆ ತೂಕ ಎರಡು ಟನ್ನಿನ ಆಸುಪಾಸು. ಮನೆಯ ಶೆಡ್ಡಿಗೆ ಎಲ್‌ಬಿ 17 ಒಗ್ಗುತ್ತದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿದ್ದರೂ ಅದರ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತ್‌ಗಳು ರಾಜ್ಯದ ತುಂಬ ಇನ್ನೂ ತಿರುಗುತ್ತಿವೆ. ಹೆಚ್ಚು ಇರುವುದರಿಂದಲೇ ಬಿಚ್ಚಿದ ಭಾಗಗಳು ಗುಜರಿಯಲ್ಲಿ ಸಿಗುತ್ತವೆ. ಬಟಾಲಾ, ಲೂಧಿಯಾನ, ರಾಜಕೋಟ್‌ನ ಬೆಲ್ಟ್ ಲೇತ್‌ಗಳು ಹಗುರ, ಅಗ್ಗ, ರಿಪೇರಿ ಸಲೀಸು. ಆದರೆ ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಹೆಸರು ನೋಡಿ ಕೊಳ್ಳುವಂತಿಲ್ಲ, ಅಳೆದೇ ಕೊಳ್ಳಬೇಕು.

ಆರಡಿಯ ಲೇತ್ ಒಂದನ್ನು ನೋಡಿ ಬಂದೆ. ಹಸಿರು ಬಣ್ಣ ಹೊಡೆದು ಹೊಸದರಂತೆ ಮಾಡಿದ್ದಾರೆ. ವ್ಯಾಪಾರಿ ‘ಫುಲ್ ಕಂಡೀಷನ್’ ಅನ್ನುತ್ತಾರೆ. ನನ್ನಷ್ಟಕ್ಕೆ ನಾನೇ ಪರೀಕ್ಷಿಸುವುದು ಹೇಗೆ?
— ಹುಬ್ಬಳ್ಳಿಯ ಓದುಗರು

ಮನೆಯಲ್ಲಿ ಸರಿಪಡಿಸಲಾಗದ್ದು ಎರಡೇ: ಬೆಡ್ಡು ಮತ್ತು ಸ್ಪಿಂಡಲ್. ಉಳಿದದ್ದೆಲ್ಲ ಚೌಕಾಸಿಯ ವಿಷಯ. ಆದ್ದರಿಂದ ಸಮಯವನ್ನೆಲ್ಲ ಈ ಎರಡಕ್ಕೆ ಕೊಡಿ.

ಕೈಯಲ್ಲಿ ಒಯ್ಯಬೇಕಾದದ್ದು: ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ 0.01 ಮಿ.ಮೀ. ಡಯಲ್ ಗೇಜ್, ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ತಗಡುಗಳ ಕಟ್ಟು), ಅರ್ಧ ಮೀಟರ್ ಉದ್ದದ ಒಳ್ಳೆಯ ಸ್ಟ್ರೇಟ್ ಎಡ್ಜ್, 25ರಿಂದ 50 ಮಿ.ಮೀ. ಅಳೆಯುವ ಮೈಕ್ರೋಮೀಟರ್, ಟಾರ್ಚು, ಚಿಂದಿ ಬಟ್ಟೆ, ಸೀಮೆಎಣ್ಣೆ, ಎರಡಡಿ ಉದ್ದದ ಗಟ್ಟಿ ಮರದ ತುಂಡು, 40 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿನ ಒಂದು ತುಂಡು, ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್.

ಮೊದಲು ಬೆಡ್ಡು. ಚಕ್ಕಿನ ಕೆಳಗೆ, ಕ್ಯಾರೇಜ್ (ಟೂಲ್ ಹೊತ್ತು ಬೆಡ್ಡಿನ ಮೇಲೆ ಸರಿಯುವ ಭಾಗ) ಎಂದೂ ಹೋಗದ ಜಾಗವನ್ನು ಸೀಮೆಎಣ್ಣೆಯಿಂದ ಒರೆಸಿ. ಕಾರ್ಖಾನೆಯ ಗ್ರೈಂಡಿಂಗ್ ಅಥವಾ ಸ್ಕ್ರೇಪಿಂಗ್ ಗುರುತು ಅಲ್ಲಿ ಕಾಣುತ್ತದೆ. ಅದೇ ಗುರುತು ಚಕ್ಕಿನ ಮುಂದಿನ ಒಂದಡಿಯಲ್ಲೂ ಮಸುಕಾಗಿಯಾದರೂ ಕಂಡರೆ ಬೆಡ್ಡು ಚೆನ್ನಾಗಿದೆ. ಕ್ಯಾರೇಜ್ ಜಾರುವ, ಮುಂಭಾಗದ ತಲೆಕೆಳಗಾದ ವಿ ಆಕಾರದ ಏಣಿನ ಇಳಿಜಾರಿನ ಮೇಲೆ ಉಗುರು ಎಳೆಯಿರಿ, ಮೆಟ್ಟಿಲು ತಾಗಿದರೆ ಸವೆತವಿದೆ. ಸ್ಟ್ರೇಟ್ ಎಡ್ಜನ್ನು ಸವೆಯದ ಜಾಗದಿಂದ ಸವೆದ ಜಾಗದ ಮೇಲೆ ಚಾಚಿಟ್ಟು ಕೆಳಗೆ ಫೀಲರ್ ತೂರಿಸಿ. 0.05 ಮಿ.ಮೀ. ತೂರದಿದ್ದರೆ ಬಹಳ ಒಳ್ಳೆಯದು, 0.10 ತೂರಿದರೂ ಹವ್ಯಾಸದ ಕೆಲಸಕ್ಕೆ ಅಡ್ಡಿಯಿಲ್ಲ, 0.20 ದಾಟಿದರೆ ಗುಜರಿ ಬೆಲೆಗೆ ಮಾತ್ರ.

ಈ ಅಂಕಿಗಳಿಗೆ ಹೆದರಿ ಒಳ್ಳೆಯ ಯಂತ್ರ ಬಿಟ್ಟು ಬಂದವರೂ ಇದ್ದಾರೆ, ಆದ್ದರಿಂದ ಒಂದು ಮಾತು ಬಿಡಿಸಿ ಹೇಳಬೇಕು. ಬೆಡ್ಡು ನೇರ ಕೆಳಕ್ಕೆ 0.10 ಮಿ.ಮೀ. ತಗ್ಗಾಗಿ ಟೂಲೂ ಅಷ್ಟೇ ಕೆಳಗಿಳಿದರೆ, 40 ಮಿ.ಮೀ. ರಾಡಿನ ವ್ಯಾಸದಲ್ಲಿ ಆಗುವ ವ್ಯತ್ಯಾಸ ಮೈಕ್ರಾನಿಗಿಂತಲೂ ಕಡಿಮೆ. ಹಾನಿ ಮಾಡುವುದು ಅಡ್ಡ ಸರಿಯುವಿಕೆ. ವಿ ಏಣಿನ ಎರಡು ಇಳಿಜಾರುಗಳಲ್ಲಿ ಒಂದೇ ಹೆಚ್ಚು ಸವೆದರೆ ಅಥವಾ ಮುಂದಿನ ಏಣು ಮಾತ್ರ ಸವೆದು ಕ್ಯಾರೇಜ್ ವಾಲಿದರೆ ಟೂಲ್ ಪಕ್ಕಕ್ಕೆ ಸರಿಯುತ್ತದೆ, ಸರಿದದ್ದರ ಎರಡರಷ್ಟು ವ್ಯತ್ಯಾಸ ವ್ಯಾಸದಲ್ಲಿ ಬರುತ್ತದೆ. ಅದಕ್ಕೇ ಸಪಾಟು ಭಾಗವನ್ನಷ್ಟೇ ಅಳೆದು ತೃಪ್ತಿಪಡದೆ ವಿ ಇಳಿಜಾರನ್ನು ಕೈಯಿಂದ, ಕಣ್ಣಿನಿಂದ ನೋಡಬೇಕು.

ಅಳತೆ ಸಾಮಾನು ಇಲ್ಲದಿದ್ದರೂ ಮಾಡಬಹುದಾದ ಪರೀಕ್ಷೆ ಒಂದಿದೆ. ಕ್ಯಾರೇಜನ್ನು ಚಕ್ಕಿನ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಕೈಚಕ್ರ ಕೊಂಚ ಬಿಗಿಯಾಗಿ ತಿರುಗುವಷ್ಟು ಬಿಗಿ ಮಾಡಿ. ಹಾಗೆಯೇ ಇನ್ನೊಂದು ತುದಿಯ ಟೇಲ್ ಸ್ಟಾಕ್ ಕಡೆಗೆ ಓಡಿಸಿ. ಕೊನೆಯವರೆಗೆ ಒಂದೇ ಬಿಗಿಯಿದ್ದರೆ ಸರಿ. ಮಧ್ಯದಲ್ಲೇ ಕಚ್ಚಿಕೊಂಡು ನಿಂತರೆ ಚಕ್ಕಿನ ಬಳಿ ಬೆಡ್ಡು ಅಷ್ಟು ತೆಳುವಾಗಿದೆ ಎಂದರ್ಥ.

ಆಮೇಲೆ ಸ್ಪಿಂಡಲ್. ಡಯಲ್ ಗೇಜಿನ ಸ್ಟ್ಯಾಂಡನ್ನು ಹೆಡ್ ಸ್ಟಾಕಿಗೆ (ಸ್ಪಿಂಡಲ್ ಕೂತಿರುವ ಪೆಟ್ಟಿಗೆಗೆ) ಅಂಟಿಸಿ, ಕಡ್ಡಿಯನ್ನು ಸ್ಪಿಂಡಲ್ ಮೂತಿಯ ಮೇಲೆ ಇಡಿ. ಚಕ್ಕಿನ ಮೇಲೆ ಇಟ್ಟರೆ ಚಕ್ಕಿನ ಸಡಿಲವೂ ಸೇರಿ ತಪ್ಪು ತೋರಿಸುತ್ತದೆ. ಮರದ ತುಂಡನ್ನು ಚಕ್ಕಿನ ಕೆಳಗೆ ಕೊಟ್ಟು ಮಿತವಾಗಿ ಮೇಲಕ್ಕೆ ಮೀಟಿ. ಮುಳ್ಳು 0.01–0.02 ಏರಿ ವಾಪಸು ಬಂದರೆ ಚಿಂತೆಯಿಲ್ಲ. 0.05ರ ಹತ್ತಿರ ಹೋದರೆ ಬೇರಿಂಗ್ ಬಿಗಿ ಮಾಡಿ ಸರಿಯಾಗಬಹುದು, ಸರಿಯಾಗದೆಯೂ ಇರಬಹುದು. ಖಾತ್ರಿ ಮಾಡಿಕೊಳ್ಳಲು ಮಧ್ಯಮ ವೇಗದಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ. ಹೆಡ್ ಸ್ಟಾಕಿನ ಮುಂಭಾಗ ಬೆಚ್ಚಗಾಗುವುದು ಸಹಜ, ಅಂಗೈ ಇಡಲಾಗದಷ್ಟು ಸುಟ್ಟರೆ ಸಡಿಲ ಕಾಣಬಾರದೆಂದು ಯಾರೋ ಬೇರಿಂಗನ್ನು ಅತಿಯಾಗಿ ಬಿಗಿದಿದ್ದಾರೆ. ನಿಖರ ದರ್ಜೆಯ ಟೇಪರ್ ರೋಲರ್ ಬೇರಿಂಗ್ ದುಬಾರಿ, ಕೆಲವೊಮ್ಮೆ ಲೇತ್‌ಗೆ ಕೊಟ್ಟ ಬೆಲೆಯ ದೊಡ್ಡ ಪಾಲನ್ನೇ ಕೇಳುತ್ತದೆ. ಹಳೆಯ ಲೇತ್‌ಗಳಲ್ಲಿ ಬೇರಿಂಗ್ ಬದಲು ಗನ್‌ಮೆಟಲ್ ಬುಷ್ ಇರುತ್ತದೆ. ಬುಷ್ ಇದ್ದರೆ ಬೇಸರಪಡಬೇಡಿ, ಅದನ್ನು ಹೊಸದಾಗಿ ಕಡೆದು ಕೂರಿಸಬಹುದು.

ಹೆಡ್ ಸ್ಟಾಕಿನ ಮುಚ್ಚಳ ತೆಗೆಸಿ. ‘ಬೇಡ ಸಾರ್, ಒಳಗೆಲ್ಲ ಚೆನ್ನಾಗಿದೆ’ ಅಂದರೆ ತೆಗೆಸಲೇಬೇಕು. ಟಾರ್ಚಿನ ಬೆಳಕು ಬಿಟ್ಟು ಕೈಯಿಂದ ಚಕ್ ತಿರುಗಿಸುತ್ತ ಪ್ರತಿ ಗೇರಿನ ಎಲ್ಲ ಹಲ್ಲುಗಳನ್ನೂ ನೋಡಿ. ಎಣ್ಣೆಯಲ್ಲಿ ಹಿತ್ತಾಳೆ ಮಿನುಗು ಕಂಡರೆ ಬುಷ್ ಸವೆದಿದೆ, ಹಾಲಿನಂತಿದ್ದರೆ ನೀರು ಸೇರಿದೆ. ಎಣ್ಣೆ ಜೇನುತುಪ್ಪದಂತೆ ದಪ್ಪಗಿದ್ದರೆ ಸದ್ದಡಗಿಸಲು ಗ್ರೀಸ್ ಬೆರೆಸಿದ್ದಾರೆ. ಎಲ್ಲ ವೇಗಗಳಲ್ಲೂ, ನಿಧಾನ ಓಟದ ಬ್ಯಾಕ್ ಗೇರಿನಲ್ಲೂ ಓಡಿಸಿ ಕೇಳಿ: ಒಂದೇ ಸಮನೆ ಬರುವ ಗುಂಯ್ ಸದ್ದು ಪರವಾಗಿಲ್ಲ, ಸುತ್ತಿಗೊಮ್ಮೆ ಟಕ್ ಅಂದರೆ ಹಲ್ಲು ಹೋಗಿದೆ.

ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿದಾಗ ಕಾಲು ಸುತ್ತು ಖಾಲಿ ತಿರುಗಿದರೂ ಭಯ ಬೇಡ, ನಟ್ ಬದಲಿಸಿದರೆ ಮುಗಿಯಿತು. ಥ್ರೆಡ್ ಕಡೆಯುವಾಗ ಕ್ಯಾರೇಜನ್ನು ಎಳೆಯುವ ಉದ್ದನೆಯ ಲೀಡ್ ಸ್ಕ್ರೂವಿಗೆ ಹಾಫ್ ನಟ್ ಕಚ್ಚಿಸಿ ಕ್ಯಾರೇಜನ್ನು ಕೈಯಿಂದ ತಳ್ಳಿ. ಅತಿಯಾಗಿ ಅಲುಗಿದರೆ ಹಾಫ್ ನಟ್ ಬೇರೆ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊನೆಗೆ ಕಡೆದು ನೋಡುವುದು. ರಾಡನ್ನು ಚಕ್ಕಿನಿಂದ 150 ಮಿ.ಮೀ. ಹೊರಗೆ ಬಿಟ್ಟು, ಆ ತುದಿಗೆ ಟೇಲ್ ಸ್ಟಾಕಿನ ಆಸರೆ ಕೊಡದೆ ಹಿಡಿಯಿರಿ. ಮಧ್ಯಭಾಗವನ್ನು ಒಂದು ಮಿ.ಮೀ. ತಗ್ಗಿಸಿ ಎರಡು ತುದಿಗಳಲ್ಲಿ 15 ಮಿ.ಮೀ. ಅಗಲದ ಬಳೆಗಳಷ್ಟೇ ಉಳಿಯುವಂತೆ ಮಾಡಿ. ನುಣುಪು ಫೀಡಿನಲ್ಲಿ 0.1 ಮಿ.ಮೀ. ಕಟ್ ಕೊಟ್ಟು ಎರಡನ್ನೂ ಒಂದೇ ಓಟದಲ್ಲಿ ಕಡೆದು ಅಳೆಯಿರಿ. ಎರಡರ ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಶಹಬ್ಬಾಸ್. ಹೆಚ್ಚಿದ್ದರೂ ಅಷ್ಟಕ್ಕೇ ತಿರಸ್ಕರಿಸಬೇಡಿ: ಗೋದಾಮಿನ ಉಬ್ಬುತಗ್ಗು ನೆಲದ ಮೇಲಿಟ್ಟ ಲೇತ್‌ನ ಬೆಡ್ಡು ತಿರುಚಿಕೊಂಡಿರುತ್ತದೆ, ಲೆವೆಲ್ ಮಾಡಿದರೆ ಈ ವ್ಯತ್ಯಾಸ (ಟೇಪರ್) ಹೋಗುತ್ತದೆ. ಬೆಡ್ಡಿನ ಪರೀಕ್ಷೆ ಪಾಸಾದ ಯಂತ್ರಕ್ಕೆ ಮಾತ್ರ ಈ ರಿಯಾಯಿತಿ.

ಬೆಲೆ ಎಷ್ಟು ಕೇಳಬೇಕು ಎಂಬುದೇ ಗೊತ್ತಾಗುವುದಿಲ್ಲ. ಒಂದೇ ಥರದ ಲೇತ್‌ಗೆ ಒಬ್ಬರು ಹೇಳುವುದರ ಎರಡರಷ್ಟು ಇನ್ನೊಬ್ಬರು ಹೇಳುತ್ತಾರೆ.
— ಮೈಸೂರಿನ ಓದುಗರು

ತೂಕದಿಂದ ಶುರು ಮಾಡಿ. ಆ ವಾರದ ಬೀಡಿನ ಗುಜರಿ ದರವನ್ನು ಇಬ್ಬರು ಗುಜರಿಯವರಲ್ಲಿ ಕೇಳಿ. ಲೆಕ್ಕಕ್ಕೆ ಕಿಲೋಗೆ 35 ರೂಪಾಯಿ, ಲೇತ್ 900 ಕಿಲೋ ಎಂದುಕೊಂಡರೆ 31,500 ಆಯಿತು. ಮಾಲೀಕರು ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ, ಇಳಿಯಲು ಕಾರಣವೂ ಇಲ್ಲ. ಇದರ ಮೇಲೆ ಕೊಡುವ ಪ್ರತಿ ರೂಪಾಯಿಗೂ ಏನು ಸಿಗುತ್ತಿದೆ ಎಂದು ಎಣಿಸಿ.

ಎಲ್ಲಕ್ಕಿಂತ ಹೆಚ್ಚು ಬೆಲೆಯಿರುವುದು ಲೇತ್‌ನ ಜೊತೆ ಬರುವ ಸಾಮಾನಿಗೆ: ಮೂರು ದವಡೆಯ ಚಕ್, ನಾಲ್ಕು ದವಡೆಯ ಚಕ್, ಅವುಗಳ ಒಳ ಹೊರ ದವಡೆಗಳ ಜೋಡಿ, ಫೇಸ್ ಪ್ಲೇಟ್, ಸ್ಟೆಡಿ (ಉದ್ದ ತುಂಡಿಗೆ ಕೊಡುವ ಆಸರೆ), ಚೇಂಜ್ ಗೇರುಗಳ (ಥ್ರೆಡ್ಡಿನ ಅಳತೆ ಬದಲಿಸುವ ಗೇರುಗಳ) ಪೂರ್ತಿ ಸೆಟ್, ಟೇಲ್ ಸ್ಟಾಕಿನ ಡ್ರಿಲ್ ಚಕ್, ರಿವಾಲ್ವಿಂಗ್ ಸೆಂಟರ್. ಇವನ್ನೆಲ್ಲ ಬಿಡಿಯಾಗಿ ಕೊಂಡರೆ ಲೇತ್‌ನಷ್ಟೇ ಖರ್ಚು. ಮಾತು ಮುಗಿಯುವ ಮೊದಲೇ ಎಲ್ಲವನ್ನೂ ನೆಲದ ಮೇಲೆ ಹರಡಿಸಿ, ಫೋಟೊ ತೆಗೆದು, ರಸೀದಿಯಲ್ಲಿ ಬರೆಸಿ. ಮುಂಗಡ ಕೊಟ್ಟು ಲಾರಿ ತರುವಷ್ಟರಲ್ಲಿ ನಾಲ್ಕು ದವಡೆಯ ಚಕ್ ಮಾಯವಾಗುವುದು ಈ ವ್ಯಾಪಾರದಲ್ಲಿ ಬಹಳ ಸಲ ಆಗುವ ಮೋಸ. ಸ್ಟೆಡಿ ಮಾತ್ರ ಬೇರೆ ಲೇತ್‌ನದು ಕೂರುವುದಿಲ್ಲ, ಆದ್ದರಿಂದ ಅದು ಇರಲೇಬೇಕು ಎಂದು ಪಟ್ಟು ಹಿಡಿಯಿರಿ.

ರಸೀದಿ ಇನ್ನೊಂದು ಕಾರಣಕ್ಕೂ ಬೇಕು. ಯಂತ್ರದ ಮೈಮೇಲೆ ಯಾವುದಾದರೂ ಬ್ಯಾಂಕಿಗೆ ಅಡಮಾನವಾಗಿದೆ ಎಂಬ ಬರಹವೋ ತಗಡೋ ಇದ್ದರೆ, ಅಥವಾ ತಗಡು ಕಿತ್ತ ಎರಡು ತೂತುಗಳಿದ್ದರೆ, ಸಾಲ ತೀರಿದ ಪತ್ರ ಕೇಳಿ. ಕೆಎಸ್‌ಎಫ್‌ಸಿ (ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ) ಸಾಲದಲ್ಲಿ ಕೊಂಡ ಯಂತ್ರಕ್ಕೂ ಇದೇ ಮಾತು.

ಲೇತ್ ಚೆನ್ನಾಗಿದೆ, ಆದರೆ ಚೇಂಜ್ ಗೇರು ಒಂದು ಇಲ್ಲ, ಇನ್ನೊಂದರ ಹಲ್ಲು ಮುರಿದಿದೆ. ಕಂಪನಿಯೇ ಈಗಿಲ್ಲ. ಕೊಳ್ಳಬಹುದೇ?
— ಗದಗಿನ ಓದುಗರು

ಕೊಳ್ಳಬಹುದು. ಗೇರ್ ಕತ್ತರಿಸುವವರು ಪ್ರತಿ ಕೈಗಾರಿಕಾ ವಸಾಹತಿನಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರದ ಅಂಕಿ. ಉಳಿದ ಗೇರೊಂದರ ಹಲ್ಲು ಎಣಿಸಿ, ಹೊರವ್ಯಾಸ ಅಳೆದು, ವ್ಯಾಸವನ್ನು ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿದ ಮೊತ್ತದಿಂದ ಭಾಗಿಸಿ. 40 ಹಲ್ಲು, 84 ಮಿ.ಮೀ. ಇದ್ದರೆ 84ನ್ನು 42ರಿಂದ ಭಾಗಿಸಿ 2 ಮಾಡ್ಯೂಲ್. ಅದೇ 40 ಹಲ್ಲಿಗೆ 88.9 ಮಿ.ಮೀ. ಬಂದರೆ ಮಾಡ್ಯೂಲ್ ಸರಿಯಂಕಿಗೆ ಕೂರುವುದಿಲ್ಲ, ಅದು ಇಂಚಿನ ಪದ್ಧತಿಯ 12 ಡಿಪಿ (ಡಯಾಮೆಟ್ರಲ್ ಪಿಚ್) ಗೇರು. ಎರಡನ್ನೂ ಬೆರೆಸಿದರೆ ಹಲ್ಲು ಕಚ್ಚುವುದಿಲ್ಲ. ಜೊತೆಗೆ ಮುಖದ ಅಗಲ, ತೂತಿನ ಅಳತೆ, ಕೀ ಕೂರುವ ತೋಡಿನ ಅಗಲ ಬರೆದುಕೊಂಡು ಹೋಗಿ. ಲೀಡ್ ಸ್ಕ್ರೂ ಇಂಚಿನದಾಗಿದ್ದು ನಿಮಗೆ ಮಿಲಿಮೀಟರ್ ಥ್ರೆಡ್ ಬೇಕಿದ್ದರೆ 127 ಹಲ್ಲಿನ ಗೇರು ಸೆಟ್ಟಿನಲ್ಲಿದೆಯೇ ನೋಡಿ. 5 ಇಂಚಿಗೆ ಸರಿಯಾಗಿ 127 ಮಿ.ಮೀ. ಆಗುವುದರಿಂದ ಆ ಅಂಕಿ.

ಮನೆಯಲ್ಲಿರುವುದು ಸಿಂಗಲ್ ಫೇಸ್. ಸಿಗುವ ಲೇತ್‌ಗಳಿಗೆಲ್ಲ 2, 3 ಎಚ್.ಪಿ. ತ್ರೀ ಫೇಸ್ ಮೋಟಾರು. ಪಂಪ್‌ಸೆಟ್ಟಿಗೆ ಹಾಕುವ ಕೆಪಾಸಿಟರ್ ಡಬ್ಬಿ ಹಾಕಿದರೆ ನಡೆಯುತ್ತದೆಯೇ?
— ಶಿರಸಿಯ ಓದುಗರು

ತಿರುಗುತ್ತದೆ, ಆದರೆ ಕಡೆಯುವುದಕ್ಕೆ ಒಳ್ಳೆಯದಲ್ಲ. ಪಂಪಿನ ಹೊರೆ ಸದಾ ಒಂದೇ, ಕೆಪಾಸಿಟರ್ ಆ ಹೊರೆಗೆ ಹೊಂದುವಂತೆ ಇರುತ್ತದೆ. ಲೇತ್‌ನ ಹೊರೆ ಕ್ಷಣಕ್ಷಣಕ್ಕೆ ಏರಿಳಿಯುತ್ತದೆ. ಹೊರೆ ಬದಲಾದಾಗ ಮೂರು ಫೇಸುಗಳ ಸಮತೋಲ ತಪ್ಪಿ ಮೋಟಾರು ನಡುಗುತ್ತದೆ, ಆ ನಡುಕ ಕಡೆದ ಮೈಮೇಲೆ ಗೆರೆಯಾಗಿ ಮೂಡುತ್ತದೆ, ವೈಂಡಿಂಗೂ ಬಿಸಿಯಾಗುತ್ತದೆ. ವಿಎಫ್‌ಡಿ (ಸಿಂಗಲ್ ಫೇಸ್ ಕರೆಂಟನ್ನು ತ್ರೀ ಫೇಸ್ ಮಾಡಿ, ಮೋಟಾರಿನ ವೇಗವನ್ನೂ ಬದಲಿಸುವ ಡಬ್ಬಿ) ಹಾಕಿ.

ನಮ್ಮಲ್ಲಿ 3 ಎಚ್.ಪಿ.ವರೆಗಿನ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಬರುತ್ತವೆ. ಅವನ್ನೇ ಡೆಲ್ಟಾ ಮಾಡಿದರೆ 240 ವೋಲ್ಟಿಗೆ ಒಗ್ಗುತ್ತವೆ. ಟರ್ಮಿನಲ್ ಡಬ್ಬಿ ತೆರೆದಾಗ ಆರು ಕಂಬಗಳಿದ್ದು, ಒಂದು ಸಾಲಿನ ಮೂರಕ್ಕೂ ಅಡ್ಡ ಪಟ್ಟಿ ಹಾಕಿದ್ದರೆ ಅದು ಸ್ಟಾರ್. ಪಟ್ಟಿ ಬಿಚ್ಚಿ ಮೇಲಿನದಕ್ಕೂ ಕೆಳಗಿನದಕ್ಕೂ ಉದ್ದುದ್ದ ಮೂರು ಪಟ್ಟಿ ಹಾಕಿದರೆ ಡೆಲ್ಟಾ. ಮೂರೇ ತಂತಿ ಹೊರಬಂದಿದ್ದರೆ ಒಳಗಿನ ಸ್ಟಾರ್ ಗಂಟನ್ನು ವೈಂಡಿಂಗ್‌ನವರ ಹತ್ತಿರ ಬಿಡಿಸಬೇಕು. 5 ಎಚ್.ಪಿ. ಮೇಲಿನವು 415ಕ್ಕೇ ಡೆಲ್ಟಾ ಆಗಿರುವುದು ಸಾಮಾನ್ಯ, ಅವಕ್ಕೆ ಈ ಉಪಾಯ ನಡೆಯದು.

ಸಿಂಗಲ್ ಫೇಸ್ 230 ವೋಲ್ಟ್ ಒಳಬಂದು ತ್ರೀ ಫೇಸ್ 230 ಹೊರಹೋಗುವ 2.2 ಕಿಲೋವ್ಯಾಟ್ ವಿಎಫ್‌ಡಿ ಕೊಳ್ಳಿ. ಪೂರ್ತಿ ಹೊರೆಯಲ್ಲಿ ಅದು ಲೈನಿನಿಂದ 20 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದಲೇ ಬೇರೆ 4 ಚದರ ಮಿ.ಮೀ. ತಾಮ್ರದ ವೈರು, 32 ಆಂಪಿಯರ್ ಎಂಸಿಬಿ, ಗಟ್ಟಿ ಅರ್ಥಿಂಗ್ ಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ. ಹವ್ಯಾಸಕ್ಕೆ ಸರಿ, ದುಡ್ಡು ತೆಗೆದುಕೊಂಡು ಕೆಲಸ ಮಾಡುವುದಾದರೆ ಕೈಗಾರಿಕೆಯ ಸಂಪರ್ಕವನ್ನೇ ಪಡೆಯಬೇಕು. ಮನೆ ಮೀಟರಿನಲ್ಲಿ ನಡೆಸಿದರೆ ದಂಡ ಬೀಳುತ್ತದೆ.

ವಿಎಫ್‌ಡಿಗೂ ಮೋಟಾರಿಗೂ ನಡುವೆ ಯಾವ ಸ್ವಿಚ್ಚೂ ಇರಬಾರದು. ಲೇತ್‌ನ ಹಳೆಯ ಮುಂದೆ–ಹಿಂದೆ ಹಿಡಿಯನ್ನು ಮೋಟಾರ್ ಲೈನಿನಿಂದ ಕಳಚಿ ವಿಎಫ್‌ಡಿಯ ಕಂಟ್ರೋಲ್ ಟರ್ಮಿನಲ್ಲಿಗೆ ಕೊಡಿ. ಓಡುತ್ತಿರುವಾಗ ನಡುವಿನ ಸ್ವಿಚ್ ತೆರೆದರೆ ವಿಎಫ್‌ಡಿ ಸುಟ್ಟುಹೋಗಬಹುದು, ಹೊಸದಾಗಿ ಹಾಕಿದವರು ಹೆಚ್ಚಾಗಿ ಕಳೆದುಕೊಳ್ಳುವುದು ಹೀಗೆ. ಸೆಟ್ಟಿಂಗಿನಲ್ಲಿ ಮೋಟಾರ್ ಕರೆಂಟ್ ಹಾಕುವಾಗ ಫಲಕದಲ್ಲಿರುವ ಸ್ಟಾರ್ ಅಂಕಿಯನ್ನು 1.73ರಿಂದ ಗುಣಿಸಿ: 3.4 ಆಂಪಿಯರ್ ಇದ್ದದ್ದು ಡೆಲ್ಟಾದಲ್ಲಿ 5.9. ವೇಗ ಏರಲು, ಇಳಿಯಲು ಐದೈದು ಸೆಕೆಂಡ್ ಕೊಡಿ. 20 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚು ಹೊತ್ತು ಓಡಿಸಬೇಡಿ, ಫ್ಯಾನೂ ನಿಧಾನವಾಗಿ ಮೋಟಾರು ಬಿಸಿಯಾಗುತ್ತದೆ. ನಿಧಾನ ಬೇಕಾದರೆ ಬ್ಯಾಕ್ ಗೇರ್ ಇದೆ. ಚಕ್ಕು ಸ್ಪಿಂಡಲ್‌ಗೆ ಥ್ರೆಡ್‌ನಲ್ಲಿ ಕೂರುವ ಲೇತ್ ಆದರೆ ಥಟ್ಟನೆ ನಿಲ್ಲಿಸುವುದು, ಹಿಮ್ಮುಖ ಓಡಿಸಿ ಕಡೆಯುವುದು ಎರಡೂ ಅಪಾಯ, ಚಕ್ ಬಿಚ್ಚಿಕೊಂಡು ಕಾಲ ಮೇಲೆ ಬೀಳುತ್ತದೆ.

ಸರ್ಕಾರಿ ಹರಾಜಿನಲ್ಲಿ ಯಂತ್ರಗಳು ಅಗ್ಗ ಎನ್ನುತ್ತಾರೆ. ಸಾಮಾನ್ಯರು ಭಾಗವಹಿಸಬಹುದೇ?
— ರಾಯಚೂರಿನ ಓದುಗರು

ಬಹುದು, ಆದರೆ ಒಂದೇ ಲೇತ್ ಬೇಕಾದವರಿಗೆ ಅಷ್ಟು ಅನುಕೂಲವಲ್ಲ. ಕೇಂದ್ರ ಸರ್ಕಾರದ ಕಂಪನಿ ಎಂಎಸ್‌ಟಿಸಿ ನಡೆಸುವ ಇ-ಹರಾಜಿನಲ್ಲಿ ಸಾಮಾನು ಲಾಟ್ ಲೆಕ್ಕದಲ್ಲಿ ಹೋಗುತ್ತದೆ. ಲೇತ್ ಬೇಕೆಂದರೆ ಅದರ ಜೊತೆಯ ತುಕ್ಕುಹಿಡಿದ ಕುರ್ಚಿ, ಕೇಬಲ್, ಡ್ರಮ್ಮುಗಳನ್ನೂ ಎತ್ತಬೇಕು. ಮೊದಲೇ ಠೇವಣಿ ಇಡಬೇಕು, ಹರಾಜು ಕೂಗಿದ ಬೆಲೆಯ ಮೇಲೆ ಜಿಎಸ್‌ಟಿ ಮತ್ತಿತರ ತೆರಿಗೆ ಬೇರೆ, ಹೇಳಿದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ. ಯಂತ್ರ ಇದ್ದ ಹಾಗೆ, ಇದ್ದಲ್ಲಿಯೇ. ಕರೆಂಟು ಕೊಟ್ಟು ತೋರಿಸುವುದಿಲ್ಲ. ಆದರೆ ಪರಿಶೀಲನೆಯ ದಿನ ತಪ್ಪದೆ ಹೋಗಿ ನೋಡಿ, ಹರಾಜು ಯಾರಿಗಾಯಿತು ಎಂದು ತಿಳಿದುಕೊಂಡು ಅವರಿಂದಲೇ ಆ ಒಂದು ಯಂತ್ರವನ್ನು ಕೊಳ್ಳಿ. ಲಾಟ್ ಹಿಡಿದವರಿಗೆ ಜಾಗ ಬೇಗ ಖಾಲಿಯಾಗಬೇಕಿರುತ್ತದೆ, ಗುಜರಿ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟರೆ ಒಪ್ಪುತ್ತಾರೆ. ಐಟಿಐಗಳು ಬಿಡಿಬಿಡಿಯಾಗಿಯೂ ಹರಾಜು ಮಾಡುವುದುಂಟು, ಪ್ರಕಟಣೆ ಸ್ಥಳೀಯ ಪತ್ರಿಕೆಯಲ್ಲಿ, ನೋಟಿಸ್ ಬೋರ್ಡಿನಲ್ಲಿ ಬರುತ್ತದೆ.

ಕೊಂಡ ಮೇಲೆ ಸಾಗಿಸುವುದು ಹೇಗೆ? ನಮ್ಮ ಮನೆಗೆ ಕಡಿದಾದ ಮಣ್ಣಿನ ದಾರಿ.
— ಚಿಕ್ಕಮಗಳೂರಿನ ಓದುಗರು

ಮೊದಲು ದಾರಿ ಅಳೆಯಿರಿ, ಆಮೇಲೆ ಲೇತ್ ಕೊಳ್ಳಿ. ಸಣ್ಣ ಬೆಲ್ಟ್ ಲೇತ್ ಆದರೆ ಚಕ್, ಟೇಲ್ ಸ್ಟಾಕ್, ಮೋಟಾರ್, ಕಂಪೌಂಡ್ ಸ್ಲೈಡ್ ಬಿಚ್ಚಿ ಸಣ್ಣ ಗಾಡಿಯಲ್ಲಿ ತರಬಹುದು. ಒಂದು ಟನ್ನಿನದಕ್ಕೆ ಪಿಕಪ್ ಬೇಕು. ಹತ್ತಿಸಲು ಹೈಡ್ರಾ ಕ್ರೇನ್ ಸಿಗುತ್ತದೆ, ಇಳಿಸುವ ಕಡೆ ಸಿಗುವುದಿಲ್ಲ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಮನೆಯ ಬಳಿ ಗಟ್ಟಿ ಮುಕ್ಕಾಲಿ ಮತ್ತು ಎರಡು ಟನ್ನಿನ ಚೈನ್ ಬ್ಲಾಕ್ ಮೊದಲೇ ಸಿದ್ಧವಿರಲಿ.

ಲೇತ್‌ನ ಭಾರವೆಲ್ಲ ಹೆಡ್ ಸ್ಟಾಕ್ ಕಡೆಗೆ. ಅದಕ್ಕೇ ಟೇಲ್ ಸ್ಟಾಕನ್ನೂ ಕ್ಯಾರೇಜನ್ನೂ ಇನ್ನೊಂದು ತುದಿಗೆ ಸರಿಸಿ ಲಾಕ್ ಮಾಡಿ, ಎತ್ತುವ ಬೆಲ್ಟನ್ನು ಬೆಡ್ಡಿನ ಅಡ್ಡಗೋಡೆಗಳ ಕೆಳಗೆ, ಚಕ್ಕಿನ ಹತ್ತಿರ ಹಾಕಿ. ಬೆಲ್ಟು ಲೀಡ್ ಸ್ಕ್ರೂ, ಫೀಡ್ ರಾಡಿಗೆ ತಾಗದಂತೆ ಎರಡೂ ಬದಿಗೆ ಮರದ ತುಂಡು ಕೊಡಿ. ಬಾಗಿದ ಲೀಡ್ ಸ್ಕ್ರೂ ನೇರವಾಗುವುದಿಲ್ಲ. ಮೊದಲು ಒಂದಿಂಚು ಮಾತ್ರ ಎತ್ತಿ, ಯಾವ ಕಡೆ ವಾಲುತ್ತದೆ ನೋಡಿ, ಇಳಿಸಿ, ಬೆಲ್ಟ್ ಸರಿಸಿ, ಮತ್ತೆ ಎತ್ತಿ. ನೆಲದ ಮೇಲೆ ಒಂದೂವರೆ ಇಂಚಿನ ಜಿಐ ಪೈಪಿನ ಐದಾರು ತುಂಡುಗಳ ಮೇಲೆ ಉರುಳಿಸಿಕೊಂಡು ಹೋಗಬಹುದು. ಇಳಿಜಾರಿನಲ್ಲಿ ಮಾತ್ರ ಪೈಪು ಬೇಡ, ಮರದ ಹಲಗೆಯ ಮೇಲೆ ಹಗ್ಗ ಬಿಡುತ್ತ ಜಾರಿಸಿ, ಕೆಳಬದಿಯಲ್ಲಿ ಯಾರೂ ನಿಲ್ಲಬಾರದು.

ನೆಲಕ್ಕೆ ಕನಿಷ್ಠ ನಾಲ್ಕು ಇಂಚು ಕಾಂಕ್ರೀಟ್ ಇರಲಿ. ಕೂರಿಸಿದ ಮೇಲೆ ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ಲನ್ನು ಬಾಡಿಗೆಗೋ ಎರವಲಿಗೋ ತಂದು ಬೆಡ್ಡಿಗೆ ಅಡ್ಡಲಾಗಿ ಎರಡೂ ತುದಿಯಲ್ಲಿ ಇಟ್ಟು ಹೋಲಿಸಿ. ಗುಳ್ಳೆ ಎರಡು ಕಡೆಯೂ ಒಂದೇ ಗೆರೆಗೆ ನಿಂತರೆ ತಿರುಚು ಇಲ್ಲ. ವಾರ ಬಿಟ್ಟು ಇನ್ನೊಮ್ಮೆ ನೋಡಿ.

ಕರಾವಳಿಯಲ್ಲಿ ಸಿಕ್ಕ ಡ್ರಿಲ್ ಮಷೀನ್ ಪೂರ್ತಿ ತುಕ್ಕು. ಬಿಡಿಸುವುದು ಹೇಗೆ?
— ಉಡುಪಿಯ ಓದುಗರು

ಮೇಲ್ಪದರದ ತುಕ್ಕಾದರೆ ಸೀಮೆಎಣ್ಣೆಯಲ್ಲಿ ನೆನೆಸಿದ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಸಾಕು. ಕಂಬ, ಟೇಬಲ್ ಮೇಲೆ ಎಮರಿ ಕಾಗದ ಹಾಕಬೇಡಿ, ಪುಡಿ ಒಳಸೇರಿ ಸವೆಸುತ್ತದೆ. ವೈಸ್, ಹಿಡಿಗಳು, ಬೋಲ್ಟುಗಳಂಥ ಬಿಡಿ ಭಾಗಗಳಿಗೆ ಕರೆಂಟಿನ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ತುಕ್ಕಿನ ಭಾಗವನ್ನು 12 ವೋಲ್ಟ್ ಚಾರ್ಜರಿನ ನೆಗೆಟಿವ್‌ಗೆ, ಬೇಡವಾದ ಕಬ್ಬಿಣದ ತಗಡನ್ನು ಪಾಸಿಟಿವ್‌ಗೆ ಕೊಟ್ಟು, ಎರಡೂ ತಾಗದಂತೆ ರಾತ್ರಿಯಿಡೀ ಬಿಡಿ. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಹಾಕಲೇಬಾರದು, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರುತ್ತದೆ. ಹೊರಡುವ ಅನಿಲ ಹೈಡ್ರೋಜನ್, ಹಾಗಾಗಿ ಬಯಲಿನಲ್ಲಿಡಿ, ಹತ್ತಿರ ಬೆಂಕಿ ಬೇಡ. ಅಲ್ಯೂಮಿನಿಯಂ ಭಾಗ ಹಾಕಿದರೆ ಸೋಡಾವೇ ಅದನ್ನು ತಿನ್ನುತ್ತದೆ. ತೆಗೆದ ತಕ್ಷಣ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ನಿಮ್ಮ ಕಡೆಯ ಉಪ್ಪುಗಾಳಿಗೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ.

ಡ್ರಿಲ್‌ನಲ್ಲಿ ತುಕ್ಕಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಕ್ವಿಲ್ (ಡ್ರಿಲ್ ಬಿಟ್ ಹೊತ್ತು ಕೆಳಗಿಳಿಯುವ ಕೊಳವೆ). ಪೂರ್ತಿ ಕೆಳಗಿಳಿಸಿ, ಡಯಲ್ ಇಟ್ಟು ಕೈಯಿಂದ ಅಲುಗಿಸಿ. 0.2 ಮಿ.ಮೀ. ಅಲುಗಿದರೆ ತೂತು ಅಗಲವಾಗಿ ಬರುತ್ತದೆ.

ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ, ಎಸ್.ಜೆ.ಪಿ. ರಸ್ತೆಯ ಸುತ್ತ ಹಳೆಯ ಮೈಕ್ರೋಮೀಟರ್, ವರ್ನಿಯರ್ ಅಗ್ಗಕ್ಕೆ ಸಿಗುತ್ತವೆ. ಸರಿಯಾಗಿವೆಯೇ ಎಂದು ನಿಂತಲ್ಲೇ ನೋಡುವುದು ಹೇಗೆ?
— ಬೆಂಗಳೂರಿನ ಓದುಗರು

ಜೇಬಿನಲ್ಲಿ ಎರಡು ಹೊಸ ಬೇರಿಂಗ್ ಇಟ್ಟುಕೊಂಡು ಹೋಗಿ: ಒಂದು 608, ಇನ್ನೊಂದು 6204. ಒಳ್ಳೆಯ ಕಂಪನಿಯ ಬೇರಿಂಗಿನ ಹೊರವ್ಯಾಸ ನೂರನೇ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ನಿಖರವಾಗಿರುತ್ತದೆ. 608ರ ಹೊರವ್ಯಾಸ 22 ಮಿ.ಮೀ., 0–25 ಮೈಕ್ರೋಮೀಟರಿಗೆ ಸರಿ. 6204ರದ್ದು 47, ಅದು 25–50ಕ್ಕೆ. ದಪ್ಪವನ್ನು ಮಾತ್ರ ಅಳೆದು ತೀರ್ಮಾನಿಸಬೇಡಿ, ದಪ್ಪದಲ್ಲಿ ಅಷ್ಟು ನಿಖರತೆ ಇರುವುದಿಲ್ಲ. ಸೊನ್ನೆ ಸರಿಯಿದ್ದು 22ರಲ್ಲಿ ತಪ್ಪಿದರೆ ಒಳಗಿನ ಥ್ರೆಡ್ ಸವೆದಿದೆ, ಬಿಟ್ಟುಬಿಡಿ. ಸೊನ್ನೆಯೇ ಸ್ವಲ್ಪ ತಪ್ಪಿದ್ದು, 22ರಲ್ಲೂ ಅಷ್ಟೇ ತಪ್ಪಿದರೆ ಕೊಳ್ಳಿ, ಗೆರೆಗಳಿರುವ ತೋಳನ್ನು (ಸ್ಲೀವ್) ಸಿ ಸ್ಪ್ಯಾನರಿನಿಂದ ತಿರುಗಿಸಿದರೆ ಸರಿಹೋಗುತ್ತದೆ. ವರ್ನಿಯರಿನ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ, ತುದಿಯಲ್ಲಿ ಬೆಳಕು ನುಸುಳಿದರೆ ಬಿದ್ದ ಮಾಲು. ಮಿಟುಟೊಯೊ ಎಂಬ ಹೆಸರು ನೋಡಿ ಬೆಲೆ ಕೊಡಬೇಡಿ, ಅದರ ನಕಲಿ ಮಾರುಕಟ್ಟೆಯಲ್ಲಿ ತುಂಬಾ ಇದೆ.

ಮಿಲ್ಲಿಂಗ್ ಮಷೀನ್ ಕೈಗೆಟುಕುತ್ತಿಲ್ಲ. ಶೇಪರ್ ಒಂದು ಗುಜರಿ ಬೆಲೆಗೇ ಇದೆ. ತೆಗೆದುಕೊಳ್ಳಲೇ?
— ದಾವಣಗೆರೆಯ ಓದುಗರು

ಧಾರಾಳವಾಗಿ. ಶೇಪರ್ ಎಂದರೆ ಟೂಲನ್ನು ಹಿಂದೆ ಮುಂದೆ ಓಡಿಸಿ ಲೋಹವನ್ನು ಕಡೆಯುವ ಯಂತ್ರ. ಕಾರ್ಖಾನೆಗಳಿಗೆ ಅದರ ನಿಧಾನ ಬೇಡವಾಗಿ ಶೇಪರ್‌ಗಳು ಗುಜರಿಗೆ ಹೋಗುತ್ತಿವೆ, ಮನೆಯವರಿಗೆ ನಿಧಾನದಿಂದ ನಷ್ಟವಿಲ್ಲ. ಎಚ್‌ಎಂಟಿಯ ಎಫ್‌ಎನ್ 2 ಮಿಲ್ಲಿಂಗ್ ಎರಡು ಟನ್ ದಾಟುತ್ತದೆ, ಕಟರ್‌ಗಳ ಖರ್ಚು ನಿಲ್ಲುವುದೇ ಇಲ್ಲ. ಶೇಪರಿಗೆ ಲೇತ್‌ನ ಎಚ್‌ಎಸ್‌ಎಸ್ ಟೂಲೇ ಸಾಕು, ನೀವೇ ಸಾಣೆ ಹಿಡಿಯಬಹುದು. ಸಪಾಟು ಮಾಡುವುದು, ಕೀ ಕೂರುವ ತೋಡು, ವಿ ಬ್ಲಾಕ್, ಡವ್‌ಟೇಲ್ ಎಲ್ಲವೂ ಆಗುತ್ತದೆ. 12 ಅಥವಾ 18 ಇಂಚಿನ ಓಟದ್ದು ಸಾಕು. ರ್‍ಯಾಮನ್ನು (ಟೂಲ್ ಹೊತ್ತು ಓಡುವ ತೊಲೆಯನ್ನು) ಪೂರ್ತಿ ಹೊರಚಾಚಿ ಮೂತಿಯನ್ನು ಪಕ್ಕಕ್ಕೆ ತಳ್ಳಿ ನೋಡಿ, ಅಲುಗಿದರೆ ಜಿಬ್ (ಸಡಿಲ ಹೊಂದಿಸುವ ಪಟ್ಟಿ) ಬಿಗಿ ಮಾಡಿಸಿ ಮತ್ತೆ ನೋಡಿ. ಮಧ್ಯದಲ್ಲಿ ಸಡಿಲ, ತುದಿಯಲ್ಲಿ ಬಿಗಿ ಬಂದರೆ ಸವೆತ. ಒಳಗಿನ ದೊಡ್ಡ ಬುಲ್ ಗೇರಿನ ಹಲ್ಲು, ತೂಗುತೋಳಿನ ಜಾರುಗಟ್ಟಿಯ ಸಡಿಲ ಎರಡನ್ನೂ ಪಕ್ಕದ ಮುಚ್ಚಳ ತೆಗೆಸಿ ನೋಡಿ. ಓಡುವಾಗ ಪ್ರತಿ ತಿರುವಿನಲ್ಲೂ ಧಡ್ ಎಂದರೆ ಆ ಜಾರುಗಟ್ಟಿಯೇ ಕಾರಣ, ಗನ್‌ಮೆಟಲ್‌ನಲ್ಲಿ ಮಾಡಿಸಬಹುದು. ಮೂಲ ವೈಸ್ ಜೊತೆಗಿಲ್ಲದ ಶೇಪರ್ ಕೊಳ್ಳಬೇಡಿ, ಅಷ್ಟು ಗಟ್ಟಿಯ ತಿರುಗುವ ವೈಸ್ ಬೇರೆ ಕೊಳ್ಳಲು ಹೋದರೆ ಶೇಪರಿನ ಅರ್ಧ ಬೆಲೆ ಅದಕ್ಕೇ ಹೋಗುತ್ತದೆ. ಮತ್ತೆ, ಕೂರಿಸುವಾಗ ರ್‍ಯಾಮ್ ಹಿಂದೆ ಬರುವ ಜಾಗದಲ್ಲಿ ಗೋಡೆಗೂ ಅದಕ್ಕೂ ನಡುವೆ ಎರಡಡಿ ಬಿಟ್ಟು, ಯಾರೂ ನುಸುಳದಂತೆ ಪೈಪಿನ ಬೇಲಿ ಹಾಕಿ.